ಗ್ಯಾರೇಜು ಕೆಡವಿ ಮನೆ ಕಟ್ಟಿದರೆ: ನೆರೆಹೊರೆಯ ಆತಂಕಗಳಲ್ಲಿ ನಿಜವೆಷ್ಟು?

ಗ್ಯಾರೇಜು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಗ್ರೀಸು ಮೆತ್ತಿದ ಕೈಯ ಮೆಕ್ಯಾನಿಕ್, ಬಿಚ್ಚಿಟ್ಟ ಬೈಕಿನ ಚಕ್ರ. ಇಂಗ್ಲೆಂಡಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಕಾರು ನಿಲ್ಲಿಸಲು ಕಟ್ಟಿದ ಪುಟ್ಟ ಕೋಣೆ. ಅಲ್ಲಿನ ಹಳೆಯ ಬಡಾವಣೆಗಳ ಹಿಂಬದಿಗೆ ಹೋದರೆ ಇಂಥ ಹತ್ತಿಪ್ಪತ್ತು ಕೋಣೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುವುದು ಕಾಣುತ್ತದೆ. ತುಕ್ಕು ಹಿಡಿದ ಬಾಗಿಲು, ಪಾಚಿ ಕಟ್ಟಿದ ಸಿಮೆಂಟ್ ಶೀಟಿನ ಮಾಡು, ಮುಂದೆ ಒಡೆದ ಡಾಂಬರಿನ ಅಂಗಳ.

ಇವುಗಳಲ್ಲಿ ಹೆಚ್ಚಿನವು ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ ಆಸ್ತಿ. ಈಚಿನ ವರ್ಷಗಳಲ್ಲಿ ಹಲವು ಕೌನ್ಸಿಲ್‌ಗಳು ಇವನ್ನು ಕೆಡವಿ ಆ ಜಾಗದಲ್ಲಿ ನಾಲ್ಕು, ಆರು, ಎಂಟು ಮನೆಗಳನ್ನು ಕಟ್ಟಿ ಕಡಿಮೆ ಬಾಡಿಗೆಗೆ ಕೊಡಲು ಹೊರಟಿವೆ. ಸುತ್ತಲಿನ ಮನೆಗಳಿಗೆ ಪತ್ರ ಬರುತ್ತದೆ. ಮರುದಿನದಿಂದಲೇ ಮಾತು ಶುರು. ಕಾರು ಎಲ್ಲಿ ನಿಲ್ಲಿಸುವುದು? ನಮ್ಮ ಹಿತ್ತಲಿಗೆ ಬಿಸಿಲು ಬೀಳುತ್ತದೆಯೇ? ಆ ಮಾಡಿನಲ್ಲಿ ಆಸ್ಬೆಸ್ಟಾಸ್ ಇದೆಯಂತಲ್ಲ? ನಮ್ಮ ಮನೆಯ ಬೆಲೆ ಬಿದ್ದುಹೋಗುವುದಿಲ್ಲವೇ?

ಈ ಪ್ರಶ್ನೆಗಳಲ್ಲಿ ಕೆಲವು ಗಟ್ಟಿಯಾದವು, ಕೆಲವು ಅರ್ಧ ನಿಜ, ಕೆಲವು ಬರೀ ಭಯ. ಯಾವುದು ಯಾವುದೆಂದು ತಿಳಿಯಲು ಒಳ್ಳೆಯ ದಾರಿ ಅಳತೆ ಮಾಡುವುದು. ಒಂದೊಂದಾಗಿ ನೋಡೋಣ.

ಇಷ್ಟೊಂದು ಗ್ಯಾರೇಜುಗಳು ಏಕೆ ಖಾಲಿ?

1950ರಲ್ಲಿ ಬ್ರಿಟನ್ನಿನಲ್ಲಿದ್ದ ಕಾರುಗಳು ಸುಮಾರು 20 ಲಕ್ಷ. 1970ರ ಹೊತ್ತಿಗೆ ಅದು 1 ಕೋಟಿ ದಾಟಿತು. ಆ ಅವಧಿಯಲ್ಲಿ ಕಟ್ಟಿದ ಬಡಾವಣೆಗಳಲ್ಲಿ ಮಕ್ಕಳು ಆಡುವ ಜಾಗದಿಂದ ಕಾರುಗಳನ್ನು ದೂರವಿಡಬೇಕೆಂದು ಮನೆಗಳ ಹಿಂದೆ ಗ್ಯಾರೇಜುಗಳ ಸಾಲು ಕಟ್ಟಿದರು.

ಆಗಿನ ಸಾಮಾನ್ಯ ಗ್ಯಾರೇಜಿನ ಒಳಗಲ 8 ಅಡಿ, ಉದ್ದ 16 ಅಡಿ. ಅಂದರೆ ಸುಮಾರು 2.4 ಮೀಟರ್ ಮತ್ತು 4.9 ಮೀಟರ್. 1959ರಲ್ಲಿ ಬಂದ ಮಿನಿ ಕಾರಿನ ಅಗಲ 1.4 ಮೀಟರ್, ಉದ್ದ 3 ಮೀಟರ್ ಚಿಲ್ಲರೆ. ಅದು ಆರಾಮಾಗಿ ಒಳಗೆ ಹೋಗಿ, ಪಕ್ಕದಲ್ಲಿ ಸೈಕಲ್ಲಿಗೂ ಜಾಗ ಬಿಡುತ್ತಿತ್ತು. ಈಗಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಸುಮಾರು 1.8 ಮೀಟರ್ ಅಗಲ, ಕನ್ನಡಿಗಳನ್ನೂ ಸೇರಿಸಿದರೆ 2 ಮೀಟರ್ ದಾಟುತ್ತದೆ. ಗ್ಯಾರೇಜಿನ ಬಾಗಿಲು ಇರುವುದೇ ಹೆಚ್ಚುಕಡಿಮೆ 2.1 ಮೀಟರ್. ಹೇಗೋ ನುಗ್ಗಿಸಿದರೂ ಎರಡೂ ಬದಿಗೆ ಉಳಿಯುವುದು ಮೂವತ್ತು ಮೂವತ್ತು ಸೆಂಟಿಮೀಟರ್. ಬಾಗಿಲು ತೆರೆದು ಇಳಿಯುವುದು ಹೇಗೆ?

ಹಾಗಾಗಿ ಕಾರು ರಸ್ತೆಗೆ ಬಂತು. ಗ್ಯಾರೇಜಿನೊಳಗೆ ಹಳೆ ಸೋಫಾ, ಮಕ್ಕಳು ಬಿಟ್ಟ ಸೈಕಲ್ಲು, ಬಣ್ಣದ ಡಬ್ಬ ಸೇರಿಕೊಂಡವು. ನಮ್ಮ ಅಟ್ಟ ಮಾಡುವ ಕೆಲಸವನ್ನು ಅಲ್ಲಿ ಗ್ಯಾರೇಜು ಮಾಡುತ್ತಿದೆ.

ಇದರ ಇನ್ನೊಂದು ಬದಿಯೂ ಇದೆ. 1980ರ ವಸತಿ ಕಾಯ್ದೆ ಬಾಡಿಗೆದಾರರಿಗೆ ತಾವಿದ್ದ ಕೌನ್ಸಿಲ್ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಇಂಗ್ಲೆಂಡೊಂದರಲ್ಲೇ ಸುಮಾರು 20 ಲಕ್ಷ ಮನೆಗಳು ಹೀಗೆ ಮಾರಾಟವಾದವು. ಮಾರಿದಷ್ಟನ್ನು ಮತ್ತೆ ಕಟ್ಟಲಿಲ್ಲ. 2024ರ ಮಾರ್ಚ್‌ನಲ್ಲಿ ಕೌನ್ಸಿಲ್ ಮನೆಗಾಗಿ ಕಾಯುವವರ ಪಟ್ಟಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬಗಳಿದ್ದವು. 2025ರ ಮಾರ್ಚ್‌ಗೆ 1.3 ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿದ್ದವು. ಹೊಸ ಜಮೀನು ಕೊಳ್ಳಲು ಹಣವಿಲ್ಲದ ಕೌನ್ಸಿಲ್‌ಗೆ ತನ್ನದೇ ಆದ, ರಸ್ತೆ, ನೀರು, ವಿದ್ಯುತ್ತು ಹತ್ತಿರವೇ ಇರುವ ಗ್ಯಾರೇಜು ಜಾಗದ ಮೇಲೆ ಕಣ್ಣು ಬೀಳುವುದು ಸಹಜ.

ಆತಂಕ 1: ಕಾರು ನಿಲ್ಲಿಸಲು ಜಾಗವೇ ಇರುವುದಿಲ್ಲ

ಎಲ್ಲ ಸಭೆಗಳಲ್ಲೂ ಮೊದಲು ಕೇಳಿಬರುವ ಮಾತು ಇದು. ಇದನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಆರ್‌ಎಸಿ ಫೌಂಡೇಶನ್ 2012ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಅಲ್ಲಿನ ಕಾರೊಂದು ತನ್ನ ಆಯುಷ್ಯದ ಶೇ. 96ರಷ್ಟು ಹೊತ್ತು ನಿಂತೇ ಇರುತ್ತದೆ, ಅದರಲ್ಲೂ ಹೆಚ್ಚು ಹೊತ್ತು ಮನೆಯ ಹತ್ತಿರವೇ.

ಜಾಗ ಸಾಕೇ ಸಾಲದೇ ಎಂದು ಅಳೆಯಲು ಒಂದು ಕ್ರಮವಿದೆ. ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್ ರೂಪಿಸಿದ್ದರಿಂದ ಅದಕ್ಕೆ ಲ್ಯಾಂಬೆತ್ ವಿಧಾನ ಎಂದೇ ಹೆಸರು. ಶಾಲೆಗೆ ರಜೆಯಿಲ್ಲದ ವಾರದ ಎರಡು ರಾತ್ರಿ, ಹನ್ನೆರಡೂವರೆಯಿಂದ ಬೆಳಗಿನ ಐದೂವರೆಯೊಳಗೆ, ನಿವೇಶನದಿಂದ 200 ಮೀಟರ್ ನಡಿಗೆಯ ದೂರದಲ್ಲಿ ನಿಂತ ಕಾರುಗಳನ್ನೆಲ್ಲ ಎಣಿಸುತ್ತಾರೆ. ಎಲ್ಲರೂ ಮನೆಗೆ ಬಂದು ಮಲಗಿರುವ ಹೊತ್ತು ಅದು, ಹಾಗಾಗಿ ನಿಜವಾದ ಒತ್ತಡ ಆಗಲೇ ಕಾಣುತ್ತದೆ. ಕಾನೂನು ಪ್ರಕಾರ ನಿಲ್ಲಿಸಬಹುದಾದ ಅಂಚಿನ ಉದ್ದವನ್ನು ಕಾರಿಗೆ 5 ಮೀಟರಿನಂತೆ ಭಾಗಿಸಿದರೆ ಒಟ್ಟು ಜಾಗ ಸಿಗುತ್ತದೆ. ಅದರಲ್ಲಿ ಶೇ. 85ರಿಂದ 90ರಷ್ಟು ತುಂಬಿದ್ದರೆ ಒತ್ತಡ ಹೆಚ್ಚು ಎಂದು ಸಾಮಾನ್ಯವಾಗಿ ಲೆಕ್ಕ.

ಒಂದು ಉದಾಹರಣೆ ಮಾಡಿ ನೋಡೋಣ. ರಸ್ತೆಯಲ್ಲಿ 80 ಕಾರುಗಳಿಗೆ ಜಾಗವಿದೆ, ರಾತ್ರಿ 64 ನಿಂತಿರುತ್ತವೆ ಎಂದುಕೊಳ್ಳಿ. ಅಂದರೆ ಶೇ. 80. ಆರು ಹೊಸ ಮನೆಗಳಿಂದ ಐದು ಕಾರು ಬರುತ್ತವೆ. ಕೆಡವುವ ಗ್ಯಾರೇಜುಗಳಲ್ಲಿ ನಿಜವಾಗಿ ಕಾರು ಇದ್ದದ್ದು ಮೂರರಲ್ಲಿ ಮಾತ್ರ ಎಂದಾದರೆ ಒಟ್ಟು 72, ಶೇ. 90. ಹತ್ತರಲ್ಲಿ ಕಾರು ಇತ್ತು ಎಂದಾದರೆ ಒಟ್ಟು 79, ರಸ್ತೆ ಪೂರ್ತಿ ತುಂಬಿದ ಹಾಗೇ. ಅದೇ ಜಾಗ, ಅದೇ ಆರು ಮನೆ. ಉತ್ತರ ಮಾತ್ರ ಬೇರೆ.

ಆದ್ದರಿಂದ ಕೌನ್ಸಿಲ್‌ಗೆ ಕೇಳಬೇಕಾದ ಪ್ರಶ್ನೆ ಇದು: ಎಷ್ಟು ಗ್ಯಾರೇಜುಗಳು ಬಾಡಿಗೆಗೆ ಹೋಗಿವೆ, ಅವುಗಳಲ್ಲಿ ಎಷ್ಟರಲ್ಲಿ ಕಾರು ನಿಲ್ಲುತ್ತದೆ? ಎಣಿಕೆ ನಡೆದದ್ದು ಯಾವ ರಾತ್ರಿ? ಶಾಲಾ ರಜೆಯಲ್ಲಿ, ಅರ್ಧ ಊರು ಪ್ರವಾಸಕ್ಕೆ ಹೋದಾಗ ಎಣಿಸಿದ್ದರೆ ಆ ಲೆಕ್ಕ ನಂಬುವಂತಿಲ್ಲ. ಇತ್ತ ನೆರೆಯವರೂ ಒಂದನ್ನು ಒಪ್ಪಬೇಕು. 2021ರ ಜನಗಣತಿಯಂತೆ ಇಂಗ್ಲೆಂಡಿನ ಶೇ. 23ಕ್ಕೂ ಹೆಚ್ಚು ಮನೆಗಳಲ್ಲಿ ಕಾರೇ ಇಲ್ಲ, ಕಡಿಮೆ ಬಾಡಿಗೆಯ ಮನೆಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಮನೆಗೆರಡು ಕಾರು ಬಂದೇ ಬರುತ್ತದೆ ಎಂಬುದು ಊಹೆ.

ಜಾಗ ಉಳಿಸಿಕೊಂಡೇ ಕಟ್ಟುವ ದಾರಿಯೂ ಉಂಟು. ಬ್ರಿಸ್ಟಲ್‌ನ ಸೇಂಟ್ ಜಾರ್ಜ್ ಪ್ರದೇಶದಲ್ಲಿ ಕೌನ್ಸಿಲ್‌ನ ಕಾರು ನಿಲುಗಡೆಯ ಮೇಲೆ ಕಂಬಗಳನ್ನು ನಿಲ್ಲಿಸಿ 11 ಪುಟ್ಟ ಮನೆಗಳನ್ನು ಕಟ್ಟಿದ್ದಾರೆ. ಅದರ ಹೆಸರು ಹೋಪ್ ರೈಸ್. ಮೇಲೆ ಮನೆ, ಕೆಳಗೆ ಎಂದಿನಂತೆ ಕಾರು.

ಆತಂಕ 2: ಬೆಳಕು ಹೋಗುತ್ತದೆ

ಪಕ್ಕದ ಕಟ್ಟಡದ ನೆರಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನಮಗೆ ಅನ್ನಿಸಬಹುದು. ಬೆಂಗಳೂರಿನ ಬೇಸಿಗೆಯಲ್ಲಿ ನೆರಳು ಸಿಕ್ಕರೆ ಪುಣ್ಯ. ಆದರೆ ಸೂರ್ಯನ ಎತ್ತರವನ್ನು ನೋಡಿ. ಡಿಸೆಂಬರ್ 21ರ ಆಸುಪಾಸಿನ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ಲಂಡನ್ನಿನಲ್ಲಿ ಆಗ ಬರೀ 15 ಡಿಗ್ರಿ. ಎಂಟು ಮೀಟರ್ ಎತ್ತರದ ಎರಡಂತಸ್ತಿನ ಮನೆಯ ನೆರಳು ಬೆಂಗಳೂರಿನಲ್ಲಿ 6 ಮೀಟರ್ ಹೋದರೆ ಲಂಡನ್ನಿನಲ್ಲಿ 30 ಮೀಟರ್ ಚಾಚುತ್ತದೆ. ಹಗಲೇ ಎಂಟು ತಾಸಿನದಾದ ಚಳಿಗಾಲದಲ್ಲಿ ಅಡುಗೆಮನೆಯ ಕಿಟಕಿಗೆ ಬೀಳುವ ಒಂದು ತುಂಡು ಬಿಸಿಲು ಅಲ್ಲಿನವರಿಗೆ ದೊಡ್ಡ ಸೊತ್ತು.

ಇದಕ್ಕೂ ಅಳತೆಗೋಲಿದೆ. ಬಿಆರ್‌ಇ ಎಂಬ ಕಟ್ಟಡ ಸಂಶೋಧನಾ ಸಂಸ್ಥೆಯ ಮಾರ್ಗದರ್ಶಿ ಹೇಳುವ 25 ಡಿಗ್ರಿ ನಿಯಮವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ನಿಮ್ಮ ಕೆಳಗಿನ ಕಿಟಕಿಯ ನಡುಮಧ್ಯದಿಂದ ಮೇಲಕ್ಕೆ 25 ಡಿಗ್ರಿಯ ಓರೆಗೆರೆ ಎಳೆಯಿರಿ. ಎದುರಿನ ಹೊಸ ಕಟ್ಟಡ ಪೂರ್ತಿ ಆ ಗೆರೆಯ ಕೆಳಗೇ ಉಳಿದರೆ ನಿಮ್ಮ ಹಗಲ ಬೆಳಕಿಗೆ ಹೇಳಿಕೊಳ್ಳುವಂಥ ಧಕ್ಕೆಯಿಲ್ಲ. ಕಿಟಕಿಯ ನಡು ನೆಲದಿಂದ 1.5 ಮೀಟರ್, ಕಟ್ಟಡದ ಎತ್ತರ 8 ಮೀಟರ್ ಎಂದಾದರೆ ನಡುವೆ ಸುಮಾರು 14 ಮೀಟರ್ ಅಂತರ ಬೇಕು. ಒಂದೇ ಅಂತಸ್ತಿನ, 5 ಮೀಟರ್ ಎತ್ತರದ ಮನೆಯಾದರೆ ಏಳೂವರೆ ಮೀಟರ್ ಸಾಕು. ಕಟ್ಟಡ ಗೆರೆ ದಾಟಿದರೆ ಯೋಜನೆ ಬಿದ್ದೇಹೋಯಿತು ಎಂದಲ್ಲ, ಇನ್ನೂ ಸೂಕ್ಷ್ಮವಾದ ಲೆಕ್ಕ ಮಾಡಬೇಕು ಎಂದರ್ಥ. ಹಿತ್ತಲಿಗೂ ಒಂದು ಅಳತೆಯಿದೆ: ಮಾರ್ಚ್ 21ರಂದು ಅದರ ಅರ್ಧ ಭಾಗಕ್ಕಾದರೂ ಎರಡು ತಾಸು ಬಿಸಿಲು ಬೀಳಬೇಕು.

ಆತಂಕ 3: ನಮ್ಮ ಮನೆಯೊಳಗೆ ಇಣುಕುತ್ತಾರೆ

ಹಿಂಬದಿ ಕಿಟಕಿಗಳು ಎದುರುಬದುರಾಗಿದ್ದರೆ ನಡುವೆ ಸುಮಾರು 21 ಮೀಟರ್ ಇರಬೇಕೆಂಬುದು ಇಂಗ್ಲೆಂಡಿನ ಅನೇಕ ಕೌನ್ಸಿಲ್‌ಗಳ ರೂಢಿ. ಇದು ಖಾಸಗಿತನಕ್ಕಾಗಿಯೇ ಹುಟ್ಟಿದ ನಿಯಮ ಎಂದು ಹೆಚ್ಚಿನವರ ನಂಬಿಕೆ. ಆದರೆ 21 ಮೀಟರ್ ಎಂದರೆ ಹಳೆಯ 70 ಅಡಿ. 1918ರ ಟ್ಯೂಡರ್ ವಾಲ್ಟರ್ಸ್ ವರದಿ ಮನೆಗಳ ನಡುವೆ 70 ಅಡಿ ಬೇಕೆಂದದ್ದು ಚಳಿಗಾಲದ ಓರೆ ಬಿಸಿಲು ಮನೆಯೊಳಗೆ ಬರಲಿ ಎಂದು.

ಗ್ಯಾರೇಜು ಜಾಗಗಳು ಇಕ್ಕಟ್ಟಾದವು, ಅಲ್ಲಿ 21 ಮೀಟರ್ ಸಿಗುವುದು ಕಷ್ಟ. ಹಾಗೆಂದು ದಾರಿಯಿಲ್ಲದಿಲ್ಲ. ಒಂದೇ ಅಂತಸ್ತು ಕಟ್ಟಬಹುದು, ಮೇಲಂತಸ್ತಿನ ಕಿಟಕಿಗಳನ್ನು ಬೇರೆ ದಿಕ್ಕಿಗೆ ತಿರುಗಿಸಬಹುದು, ಸ್ನಾನದ ಮನೆಯ ಕಿಟಕಿಗೆ ಮಸುಕು ಗಾಜು ಹಾಕಬಹುದು. ನಕ್ಷೆಯಲ್ಲಿ ನೋಡಬೇಕಾದ್ದು ಕಟ್ಟಡದ ಎತ್ತರವನ್ನಷ್ಟೇ ಅಲ್ಲ, ಯಾವ ಕಿಟಕಿ ಯಾವ ಕಡೆಗಿದೆ ಎಂಬುದನ್ನೂ.

ಆತಂಕ 4: ಕೆಡವುವಾಗ ಆಸ್ಬೆಸ್ಟಾಸ್ ಧೂಳು ಹರಡುತ್ತದೆ

ಇದು ನಮಗೂ ನೇರ ಸಂಬಂಧಪಟ್ಟ ವಿಷಯ. 1950ರಿಂದ 70ರ ದಶಕದವರೆಗೆ ಕಟ್ಟಿದ ಅನೇಕ ಗ್ಯಾರೇಜುಗಳ ಮಾಡು ಆಸ್ಬೆಸ್ಟಾಸ್ ಸಿಮೆಂಟಿನದು. ಇಂಥ ಶೀಟಿನಲ್ಲಿ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಆಸ್ಬೆಸ್ಟಾಸ್ ಎಳೆಗಳಿರುತ್ತವೆ. ಸಿಮೆಂಟು ಅವನ್ನು ಬಿಗಿಯಾಗಿ ಹಿಡಿದಿರುತ್ತದೆ. ಶೀಟು ಗಟ್ಟಿಯಾಗಿರುವವರೆಗೆ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ, ಗರಗಸ ಹಾಕಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಅವು ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಹಲವು ದಶಕಗಳ ಬಳಿಕ ಕ್ಯಾನ್ಸರ್ ತರಬಲ್ಲವು. ಹಿಂದೆ ಉಸಿರಾಡಿದ ಆಸ್ಬೆಸ್ಟಾಸ್‌ನಿಂದ ಬ್ರಿಟನ್ನಿನಲ್ಲಿ ಈಗಲೂ ವರ್ಷಕ್ಕೆ ಸುಮಾರು 5,000 ಜನ ಸಾಯುತ್ತಿದ್ದಾರೆ. ಅಲ್ಲಿ ಅದರ ಬಳಕೆ 1999ರಲ್ಲಿ ಪೂರ್ತಿ ನಿಷೇಧವಾಯಿತು.

ಹಾಗಾದರೆ ಭಯ ನಿಜವೇ? ವಸ್ತು ಅಪಾಯಕಾರಿ ಎಂಬುದು ನಿಜ. ಗ್ಯಾರೇಜು ಕೆಡವದಿದ್ದರೆ ಕ್ಷೇಮ ಎಂಬುದು ಮಾತ್ರ ತಪ್ಪು. ಐವತ್ತು ಅರವತ್ತು ಮಳೆಗಾಲ ಕಂಡ ಮಾಡು ತಾನಾಗಿಯೇ ಸವೆಯುತ್ತದೆ. ಪುಂಡರು ಕಲ್ಲೆಸೆದರೆ, ಬೆಂಕಿ ಬಿದ್ದರೆ ಯಾವ ಮುನ್ನೆಚ್ಚರಿಕೆಯೂ ಇಲ್ಲದೆ ಒಡೆಯುತ್ತದೆ. 2012ರ ಆಸ್ಬೆಸ್ಟಾಸ್ ನಿಯಮಾವಳಿಯ ಪ್ರಕಾರ ಕೆಡವುವ ಮೊದಲು ತಪಾಸಣೆ ಆಗಬೇಕು. ಶೀಟುಗಳನ್ನು ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಿ, ಸುತ್ತಿ ಮುಚ್ಚಿ ಗೊತ್ತಾದ ಜಾಗಕ್ಕೆ ಸಾಗಿಸಬೇಕು. ನೆರೆಯವರು ತಪಾಸಣಾ ವರದಿಯನ್ನೂ ಕೆಲಸದ ದಿನಾಂಕವನ್ನೂ ಮೊದಲೇ ಕೇಳಿ ಪಡೆದರೆ ಒಳ್ಳೆಯದು.

ಭಾರತದಲ್ಲಿ ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ದನದ ಕೊಟ್ಟಿಗೆ, ಶೆಡ್ಡು, ಬಾಡಿಗೆ ಕೋಣೆಗಳ ಮೇಲೆ ಅದೇ ಇದೆ. ಹಳೆ ಶೀಟು ತೆಗೆಯುವಾಗ ಸುತ್ತಿಗೆಯಿಂದ ಒಡೆದು ಕೆಳಗೆ ಬೀಳಿಸುವುದು ನಮ್ಮಲ್ಲಿ ಮಾಮೂಲು. ಹಾಗೆ ಮಾಡಬೇಡಿ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ. ಚೂರುಗಳನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಆತಂಕ 5: ಕಳ್ಳತನ, ಗಲಾಟೆ ಹೆಚ್ಚುತ್ತದೆ

ಹಾಳುಬಿದ್ದ ಗ್ಯಾರೇಜು ಅಂಗಳಗಳ ಬಗ್ಗೆ ಅಕ್ಕಪಕ್ಕದವರು ಮೊದಲಿನಿಂದಲೂ ದೂರುವುದು ಇದನ್ನೇ: ಕಸ ಸುರಿಯುತ್ತಾರೆ, ರಾತ್ರಿ ಗುಂಪು ಸೇರುತ್ತದೆ. ಅದಕ್ಕೆ ಕಾರಣವೂ ಇದೆ. ಆ ಅಂಗಳದ ಕಡೆಗೆ ಯಾವ ಮನೆಯ ಮುಂಬಾಗಿಲೂ ಇಲ್ಲ. ಬೀದಿಯ ಮೇಲೆ ಜನರ ಕಣ್ಣಿದ್ದರೆ ಬೀದಿ ಸುರಕ್ಷಿತ ಎಂದು ಜೇನ್ ಜೇಕಬ್ಸ್ 1961ರಲ್ಲೇ ಬರೆದರು. ಬ್ರಿಟಿಷ್ ಪೊಲೀಸರ ವಿನ್ಯಾಸ ಸಲಹೆಗಳೂ ಮನೆಗಳ ಹಿಂದೆ ಮರೆಯಾದ ನಿಲುಗಡೆ ಅಂಗಳ ಬೇಡ ಎನ್ನುತ್ತವೆ. ಅಲ್ಲಿ ದೀಪ ಹತ್ತಿದ ಆರು ಅಡುಗೆಮನೆಗಳು ಬಂದರೆ ಕಾಯುವ ಕಣ್ಣುಗಳೂ ಬಂದಂತೆ.

ಆದರೆ ಒಂದು ಸಣ್ಣ ವಿಷಯವನ್ನು ಮರೆಯಬಾರದು. ಅನೇಕ ಕಡೆ ಗ್ಯಾರೇಜಿನ ಹಿಂಗೋಡೆಯೇ ಪಕ್ಕದವರ ಹಿತ್ತಲಿನ ಬೇಲಿ. ಅದನ್ನು ಕೆಡವಿದ ದಿನ ಹಿತ್ತಲು ಬಯಲಾಗುತ್ತದೆ. ಹೊಸ ಗೋಡೆ ಯಾವಾಗ, ಎಷ್ಟು ಎತ್ತರ, ಯಾರ ಖರ್ಚು ಎಂಬುದನ್ನು ಮೊದಲೇ ಲಿಖಿತವಾಗಿ ಪಡೆಯಬೇಕು.

ಆತಂಕ 6: ನಮ್ಮ ಮನೆಯ ಬೆಲೆ ಬೀಳುತ್ತದೆ

ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ರೆಬೆಕಾ ಡೈಮಂಡ್ ಮತ್ತು ಟಿಮ್ ಮೆಕ್‌ಕ್ವೇಡ್ ತಮ್ಮ ದೇಶದಲ್ಲಿ ತೆರಿಗೆ ರಿಯಾಯಿತಿಯಿಂದ ಕಟ್ಟಿದ ಕಡಿಮೆ ಬಾಡಿಗೆಯ ವಸತಿಗಳ ಸುತ್ತ ಏನಾಯಿತೆಂದು ನೋಡಿ 2019ರಲ್ಲಿ ಪ್ರಕಟಿಸಿದರು. ಬಡ ಪ್ರದೇಶಗಳಲ್ಲಿ ತೀರ ಹತ್ತಿರದ ಮನೆಗಳ ಬೆಲೆ ಸುಮಾರು ಶೇ. 6.5 ಏರಿತ್ತು, ಅಪರಾಧ ಇಳಿದಿತ್ತು. ಅಲ್ಪಸಂಖ್ಯಾತರು ಕಡಿಮೆಯಿರುವ ಅನುಕೂಲಸ್ಥ ಪ್ರದೇಶಗಳಲ್ಲಿ ಬೆಲೆ ಸುಮಾರು ಶೇ. 2.5 ಇಳಿದಿತ್ತು. ಅಲ್ಲಿನ ಕಟ್ಟಡಗಳು ಗ್ಯಾರೇಜು ಜಾಗದ ಆರು ಮನೆಗಳಿಗಿಂತ ಬಹಳ ದೊಡ್ಡವು, ದೇಶವೂ ಬೇರೆ. ಆದರೂ ಒಂದು ಅಂಶ ಸ್ಪಷ್ಟ: ಬೆಲೆ ಎಲ್ಲೆಡೆ ಬೀಳುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಎಲ್ಲೂ ಬೀಳುವುದೇ ಇಲ್ಲ ಎಂಬ ಭರವಸೆಗೂ ಇಲ್ಲ.

ಹೇಗಿದ್ದರೂ ಇಂಗ್ಲೆಂಡಿನ ಯೋಜನಾ ಕಾನೂನಿನಲ್ಲಿ ಮನೆಯ ಬೆಲೆಗೆ ಆಗುವ ನಷ್ಟ ಪರಿಗಣನೆಗೆ ಬರುವ ಕಾರಣವೇ ಅಲ್ಲ. ಕಿಟಕಿಯಿಂದ ಕಾಣುವ ನೋಟ ಕೆಡುತ್ತದೆ ಎಂಬುದೂ ಅಷ್ಟೇ. ಆಕ್ಷೇಪಣೆ ಪತ್ರದ ಅರ್ಧವನ್ನು ಇದಕ್ಕೇ ಮೀಸಲಿಟ್ಟರೆ ಆ ಅರ್ಧ ವ್ಯರ್ಥ.

ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆಗಳು

ಬೆಲೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದ ಸಭೆಗಳಲ್ಲಿ ಬೆಂಕಿಯ ವಿಷಯ ಬಾರದೆ ಹೋಗಬಹುದು. ಗ್ಯಾರೇಜು ಅಂಗಳಕ್ಕೆ ಹೋಗುವ ಓಣಿ ಮಿನಿ ಕಾರಿನ ಕಾಲದ್ದು. ಅಗ್ನಿಶಾಮಕ ವಾಹನಕ್ಕೆ ಸಾಮಾನ್ಯವಾಗಿ 3.7 ಮೀಟರ್ ಅಗಲದ ದಾರಿ ಬೇಕು, ಮನೆಯ ಯಾವ ಮೂಲೆಯೂ ವಾಹನ ನಿಲ್ಲುವ ಜಾಗದಿಂದ 45 ಮೀಟರ್ ಮೀರಬಾರದು ಎಂಬುದು ಕಟ್ಟಡ ನಿಯಮಗಳ ಮಾರ್ಗಸೂಚಿ. ಅದು ಸಾಧ್ಯವಿಲ್ಲದಿದ್ದರೆ ಸ್ಪ್ರಿಂಕ್ಲರ್‌ನಂಥ ಬೇರೆ ಏರ್ಪಾಡು ತೋರಿಸಬೇಕು. ಇಲ್ಲಿ ಜೀವ ಪಣಕ್ಕಿರುವುದು ಹೊಸದಾಗಿ ಬರುವವರದು. ಅವರು ಇನ್ನೂ ಬಂದಿಲ್ಲ, ಆದ್ದರಿಂದ ಅವರ ಪರವಾಗಿ ಈಗ ಕೇಳುವವರೂ ಇಲ್ಲ.

ಇನ್ನೊಂದು ಪ್ರಶ್ನೆ: 'ಕೈಗೆಟಕುವ' ಎಂದರೆ ಯಾರ ಕೈಗೆ? 2011ರಿಂದ ಜಾರಿಯಲ್ಲಿರುವ ಒಂದು ಬಗೆಯಲ್ಲಿ ಬಾಡಿಗೆ ಮಾರುಕಟ್ಟೆ ದರದ ಶೇ. 80ರವರೆಗೆ ಇರಬಹುದು. ಲಂಡನ್ನಿನಂಥ ಊರಲ್ಲಿ ಅದು ಅನೇಕರಿಗೆ ಎಟಕುವುದಿಲ್ಲ. ಸಾಮಾಜಿಕ ಬಾಡಿಗೆ ಎಂಬ ಇನ್ನೊಂದು ಬಗೆ ಇದಕ್ಕಿಂತ ಸಾಕಷ್ಟು ಕಡಿಮೆ. ಮೂರನೆಯದು ಜಾಗದ ಒಡೆತನ. ಕೌನ್ಸಿಲ್ ಈ ಜಾಗವನ್ನು ಖಾಸಗಿಯವರಿಗೆ ಮಾರಿದರೆ, ಹತ್ತಕ್ಕಿಂತ ಕಡಿಮೆ ಮನೆಗಳ ಯೋಜನೆಯಲ್ಲಿ ಕಡಿಮೆ ಬಾಡಿಗೆಯ ಮನೆ ಕೊಡಲೇಬೇಕೆಂಬ ಕಡ್ಡಾಯ ಇಂಗ್ಲೆಂಡಿನ ಹೆಚ್ಚಿನ ಕಡೆ ಇಲ್ಲ. ಗ್ಯಾರೇಜೂ ಹೋಯಿತು, ಬಡವರಿಗೆ ಮನೆಯೂ ಸಿಗಲಿಲ್ಲ ಎಂದಾಗಬಹುದು.

ಹಾಗಾದರೆ ಏನು ಬರೆಯಬೇಕು?

ಅರ್ಜಿ ಪ್ರಕಟವಾದ ಮೇಲೆ ಅಭಿಪ್ರಾಯ ಹೇಳಲು ಸಾಮಾನ್ಯವಾಗಿ ಕನಿಷ್ಠ 21 ದಿನ ಸಿಗುತ್ತದೆ. ಎಷ್ಟು ಜನ ಬರೆದರು ಎಂಬುದಕ್ಕಿಂತ ಏನು ಬರೆದರು ಎಂಬುದಕ್ಕೆ ತೂಕ ಹೆಚ್ಚು. 'ನಮಗೆ ಇದು ಬೇಡ' ಎಂದು ನೂರು ಜನ ಸಹಿ ಹಾಕುವುದಕ್ಕಿಂತ 'ನನ್ನ ಅಡುಗೆಮನೆ ಕಿಟಕಿಗೂ ಹೊಸ ಗೋಡೆಗೂ ನಡುವೆ 9 ಮೀಟರ್ ಇದೆ, ಎರಡಂತಸ್ತು 25 ಡಿಗ್ರಿ ಗೆರೆ ದಾಟುತ್ತದೆ, ಆ ಮೂಲೆಯ ಮನೆಯನ್ನು ಒಂದಂತಸ್ತಿಗೆ ಇಳಿಸಿ' ಎಂಬ ಒಂದು ಪತ್ರ ನಕ್ಷೆಯನ್ನು ಬದಲಿಸಬಲ್ಲದು. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗೂ ಇಂಥ ಪತ್ರ ಬಂದರೆ ಮೊದಲು ಟೇಪು ಹಿಡಿದು ಹಿತ್ತಲಿಗೆ ಹೋಗುವುದು ಲೇಸು.

ಬೆಳಕು, ಬೆಂಕಿಯ ದಾರಿ, ಹಿತ್ತಲಗೋಡೆ, ರಾತ್ರಿಯ ಕಾರು ಎಣಿಕೆ ಇವೆಲ್ಲ ನ್ಯಾಯವಾದ ಕಾಳಜಿಗಳು. ಹೆಚ್ಚಿನವಕ್ಕೆ ವಿನ್ಯಾಸದಲ್ಲೇ ಪರಿಹಾರವಿದೆ. ಉಳಿಯುವುದು ಹೊಸಬರ ಬಗೆಗಿನ ಅಳುಕು, ಅದಕ್ಕೆ ಅಳತೆಗೋಲಿಲ್ಲ. ಮಕ್ಕಳಿರುವ ಕುಟುಂಬವನ್ನು ಆರು ವಾರಕ್ಕಿಂತ ಹೆಚ್ಚು ಕಾಲ ಹಂಚಿಕೊಂಡ ಅಡುಗೆಮನೆಯ ಲಾಡ್ಜಿನಲ್ಲಿ ಇಡಬಾರದು ಎಂದು ಇಂಗ್ಲೆಂಡಿನ ನಿಯಮ 2003ರಲ್ಲೇ ಹೇಳಿದೆ. ಆ ಗಡುವು ಮೀರಿಯೂ ಒಂದೇ ಕೋಣೆಯಲ್ಲಿ ಹಾಸಿಗೆಯ ಮೇಲೆ ಕುಳಿತು ಶಾಲೆಯ ಪಾಠ ಬರೆಯುವ ಮಕ್ಕಳಿದ್ದಾರೆ. ನೆರೆಹೊರೆಯ ಸಭೆಗೆ ಅವರಿಗೆ ಕರೆಯೋಲೆ ಹೋಗುವುದಿಲ್ಲ. ಹಳೆ ಸೋಫಾ ತುಂಬಿದ ಆ ಕೋಣೆಗಳ ಬಗ್ಗೆ ತೀರ್ಮಾನ ಮಾಡುವಾಗ ಅವರ ಹೆಸರಿನಲ್ಲೂ ಒಂದು ಕುರ್ಚಿ ಖಾಲಿ ಬಿಟ್ಟು ಮಾತು ಶುರು ಮಾಡಿದರೆ ಚೆನ್ನ.